ಬಾಜೂಕ ಇಟ್ಟ ಫೋನು

ನಮ್ಮ ಮನೆಯ ಫೋನು ಕೆಟ್ಟಿದೆ ಎಂದು ನನಗೆ ತಿಳಿದದ್ದು ಟೆಂಪೊ ಓಡಿಸುವ ಮೋದಿನಸಾಬನಿಂದ. ಹೂವಿನ ಹಿಪ್ಪರಗಿಯ ಕಡೆಯಿಂದ ಬಂದವನು ಇಂಡಿ ಪೇಟೆಯಲ್ಲಿನ ನನ್ನ ನಿಂಬೆಹಣ್ಣಿನ ಅಡತಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಇಳಿಯುವ ಮೊದಲೇ ಬಾಯಿ ತೆರೆದ.

"ಸಾವಕಾರ್ರ, ನಿಮ್ಮ ಶಂಕ್ರೆವ್ವಕ್ಕಾರು ಒಂದ ಮಾತ ಹೇಳಿ ಕಳಸ್ಯಾರ್ರಿ. ಅಪ್ಪನ ಹಾಂಗ ಮಗಾನೂ ಫೋನ ಬಾಜೂಕ ಇಟ್ಟಾನ, ಇಟಗೊಳ್ಳಲಿ, ಈ ಸಲ ನಾ ಪಂಚಮಿಗೆ ಬರೂದಿಲ್ಲ ಅಂದ್ರಿ."

ಶಂಕ್ರೆವ್ವ ನನ್ನ ಒಬ್ಬಳೇ ಅಕ್ಕ, ಹೂವಿನ ಹಿಪ್ಪರಗಿಗೆ ಕೊಟ್ಟ ಹೆಣ್ಣು. "ಬಾಜೂಕ ಇಡುವುದು" ಎಂಬ ಮಾತು ನಮ್ಮ ಮನೆಯಲ್ಲಿ ಬೈಗುಳಕ್ಕಿಂತ ಹೆಚ್ಚು. ರಿಸೀವರನ್ನು ಎತ್ತಿ ಪಕ್ಕಕ್ಕೆ ಮಲಗಿಸಿಬಿಟ್ಟರೆ ಆ ಕಡೆಯವರಿಗೆ ಎಷ್ಟು ಸಲ ಫೋನು ಹಚ್ಚಿದರೂ ಎಂಗೇಜ್ ಎಂದೇ ಬರುತ್ತದೆ. ಹಿಂದೆ ನಮ್ಮಪ್ಪ ಖಂಡೆಪ್ಪ ಅದನ್ನು ಅಕ್ಕನಿಗೆ ಮಾಡಿದ್ದ. ಪಂಚಾಯತಿ ಚುನಾವಣೆಯಲ್ಲಿ ಅಳಿಯ ಎದುರು ಪಾರ್ಟಿಯಿಂದ ನಿಂತ ಎಂಬ ಸಿಟ್ಟು. ನಾಗರ ಅಮಾವಾಸ್ಯೆಯ ದಿನ ರಿಸೀವರು ಪಕ್ಕಕ್ಕಿಟ್ಟವನು ಪಂಚಮಿ ಮುಗಿಯುವತನಕ ಮತ್ತೆ ಜಾಗಕ್ಕೆ ಇಡಲಿಲ್ಲ, ಯಾರಿಗೂ ಇಡಗೊಡಲಿಲ್ಲ. ಊಟ, ಚಹಾ, ನಿದ್ದೆ ಎಲ್ಲಾ ಆ ಮೇಜಿನ ಪಕ್ಕದಲ್ಲೇ. ನಾನು ಒಮ್ಮೆ ಕೈ ಹಾಕಲು ಹೋದಾಗ "ಮುಟ್ಟಿದ್ರ ನೋಡ ಮತ್ತ" ಎಂದಿದ್ದ. ಅಲ್ಲಿ ಅಕ್ಕ ಚೀಲ ಕಟ್ಟಿಕೊಂಡು, ಕರೆಯಲು ಯಾರಾದರೂ ಬರುತ್ತಾರೆಂದು ಹಬ್ಬವೆಲ್ಲ ಕಟ್ಟೆಯ ಮೇಲೆ ಕೂತಿದ್ದಳಂತೆ.

ದೀಪಾವಳಿಗೆ ಅಪ್ಪನೇ ಹೋಗಿ ಕರೆತಂದ. ಆದರೆ ಆ ವಿಷಯ ಅವನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಕ್ಕ ಒಂದು ಪದ್ಧತಿ ಮಾಡಿದಳು. ನಾಗರ ಅಮಾವಾಸ್ಯೆಯ ದಿನ ಮನೆಯ ಫೋನಿಗೆ ತಾನೇ ಹಚ್ಚುತ್ತಾಳೆ. ನಾನು ಎತ್ತಿ "ಬಾರಕ್ಕಾ" ಎನ್ನಬೇಕು. ಮರುದಿನ ಹೋಗಿ ಕರೆತರಬೇಕು. ಮೊಬೈಲಿಗೆ ಮಾಡಬಾರದೇ ಎಂದು ಕೇಳಿದ್ದಕ್ಕೆ, "ಮೊಬೈಲ ನಿಂದು, ಆ ಫೋನ ತವರಮನಿದು" ಎಂದಿದ್ದಳು. ಅದಕ್ಕೇ ನಾನು, ಓಣಿಯವರೆಲ್ಲ ನಕ್ಕರೂ, ಆ ನಂಬರನ್ನು ಬಿಟ್ಟಿರಲಿಲ್ಲ. ಈ ಬೇಸಿಗೆಯಲ್ಲಿ ಹಳೆಯ ತಂತಿಯ ಲೈನು ಬಂದ್ ಆಗುತ್ತದೆ ಎಂದಾಗಲೂ ಅದೇ ನಂಬರನ್ನು ಇಂಟರ್ನೆಟ್ ಫೋನಿಗೆ ಮಾಡಿಸಿಕೊಂಡೆ. ಬಂದವರು ಬಾಗಿಲ ಮೇಲೆ ಬಿಳಿ ಮೋಡೆಮ್ ಕೂಡಿಸಿ, ಅದರಿಂದ ಒಂದು ವಾಯರು ಎಳೆದು ಮನೆಯೊಳಗಿನ ಹಳೆಯ ವಾಯರಿಗೆ ಜೋಡಿಸಿ, ಬಿಸಿಲಿನಲ್ಲಿ ಒಂದು ಸಲ ರಿಂಗು ಕೇಳಿಸಿ ಹೋಗಿದ್ದರು.

ಈಗ ಶ್ರಾವಣ. ಮೊನ್ನೆ ನಾಗರ ಅಮಾವಾಸ್ಯೆಯ ದಿನ ನಾನು ಫೋನಿನ ಪಕ್ಕ ಸಂಜೆತನಕ ಕೂತಿದ್ದೆ. ಅದು ರಿಂಗಾಗಲಿಲ್ಲ. ಅಕ್ಕನಿಗೆ ಸೊಕ್ಕು ಬಂತು ಎಂದು ನಾನೂ ಮುಖ ಊದಿಸಿಕೊಂಡೆ. ಅವಳು ಅಲ್ಲಿ ನನಗೆ ಶಾಪ ಹಾಕುತ್ತಾ, ನಾನು ಇಲ್ಲಿ ಅವಳಿಗೆ ಹಾಕುತ್ತಾ, ಇಬ್ಬರೂ ಖಂಡೆಪ್ಪನ ಮಕ್ಕಳೇ.

ಮೋದಿನಸಾಬನ ಮಾತು ಕೇಳಿದ ಕೂಡಲೇ ಅಕ್ಕನ ಮೊಬೈಲಿಗೆ ಹಚ್ಚಿದೆ. ಕಟ್ ಮಾಡಿದಳು. ಮತ್ತೆ ಹಚ್ಚಿದೆ. ಮತ್ತೆ ಕಟ್. ಹಾಗೇ ಎದ್ದು ಹಿಪ್ಪರಗಿಗೆ ಹೋಗಬಹುದಿತ್ತು. ಆದರೆ ಅಕ್ಕ ಬಾಗಿಲಲ್ಲೇ ನಿಂತು "ಫೋನ ಯಾಕ ಬಾಜೂಕ ಇಟ್ಟಿದ್ದಿ?" ಎಂದು ಕೇಳಿದರೆ ಏನು ಹೇಳಲಿ? ಅಂಗಡಿ ಬಿಟ್ಟು ಮನೆಗೆ ಬಂದೆ.

ರಿಸೀವರು ತನ್ನ ಜಾಗದಲ್ಲೇ ಇತ್ತು. ಎತ್ತಿದರೆ ಸದ್ದಿಲ್ಲ. ನನ್ನ ಮೊಬೈಲಿನಿಂದ ಆ ನಂಬರಿಗೆ ಹಚ್ಚಿದೆ. ಎಂಗೇಜ್. ಯಾರೂ ಮುಟ್ಟದ ಫೋನು ಯಾರ ಜೊತೆ ಮಾತನಾಡುತ್ತಿದೆ?

ಕಂಪನಿಯ ಹೆಲ್ಪ್‌ಲೈನಿಗೆ ಮಾಡಿದೆ. ಹುಡುಗಿಯೊಬ್ಬಳು ಸಮಾಧಾನವಾಗಿ, ಫೋನನ್ನು ನೇರವಾಗಿ ಮೋಡೆಮಿಗೆ ಹಚ್ಚಿ ನೋಡಿ ಸರ್, ಬಂದರೆ ತೊಂದರೆ ನಿಮ್ಮ ಮನೆಯ ವಾಯರಿನಲ್ಲಿದೆ ಎಂದಳು. ಹೆಂಡತಿ ಸುನಂದಾ ಸ್ಟೂಲು ಹಿಡಿದಳು, ನಾನು ಫೋನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿದೆ. ಹಚ್ಚಿದ ಕೂಡಲೇ ಕುಂಯ್ಯೆಂದಿತು. ಹಳೆಯ ವಾಯರಿಗೆ ಜೋಡಿಸಿದರೆ ಮತ್ತೆ ಮೂಕ.

"ಮೊದಲ ಅಡಗಿಮನ್ಯಾಗಿನ ಎರಡನೇ ಫೋನ ಕಿತ್ತ ಹಾಕು, ಅದರದ ಎಲ್ಲಾ ಲಫಡಾ," ಎಂದೆ.

"ಅದೇನ ಮಾಡೇತ್ರಿ ನಿಮಗ?" ಎನ್ನುತ್ತಲೇ ಸುನಂದಾ ಕಿತ್ತಳು. ಎಂಗೇಜ್. ಹೊರಗಿನ ಕಂಬದಿಂದ ಬರುತ್ತಿದ್ದ ಸತ್ತ ತಂತಿ ಇನ್ನೂ ಒಳಗಿನದಕ್ಕೆ ಅಂಟಿಕೊಂಡಿತ್ತು. ಅದನ್ನೂ ಕತ್ತರಿಸಿದೆ. ಎಂಗೇಜ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾ ಮಧ್ಯಾಹ್ನ ಕಳೆಯಿತು. ನಾನು ಕಂಪನಿಯನ್ನು, ವಾಯರನ್ನು, ಚುನಾವಣೆಯನ್ನು, ಎಲ್ಲವನ್ನೂ ಬೈದೆ.

ಕೊನೆಗೆ ಸುನಂದಾ ಪಡಸಾಲೆಯ ಗೋಡೆಯತ್ತ ಕೈ ತೋರಿಸಿದಳು. "ಆ ಡಬ್ಬಿ ಒಂದ ತಗದಿಲ್ಲ ನೀವು."

ವಾಯರುಗಳೆಲ್ಲ ಕೂಡುವ ಗೋಡೆಯ ಡಬ್ಬಿ. ಅದನ್ನು ಬೇಕೆಂದೇ ಬಿಟ್ಟಿದ್ದೆ. ಅದು ಡಬ್ಬಿ ಕಡಿಮೆ, ದೇವರು ಹೆಚ್ಚು. ಖಂಡೆ ಪೂಜೆಯ ದಿನ ಬೇರೆಯವರು ಕುಡಗೋಲು, ತಕ್ಕಡಿ, ಗಾಡಿ ಪೂಜಿಸಿದರೆ ಅಪ್ಪ ಮೊದಲು ಈ ಡಬ್ಬಿಯನ್ನು ಪೂಜಿಸುತ್ತಿದ್ದ. ದೂರದ ಊರಿನ ಮಾರ್ಕೆಟ್ಟಿನ ದರವೆಲ್ಲ ಅದರಿಂದಲೇ ಬರುತ್ತಿತ್ತು. "ನಮ್ಮ ಆಯುಧ ಇದ" ಎನ್ನುತ್ತಿದ್ದ. ಬೇರೆಯವರು ಕುಂಬಳಕಾಯಿ ಒಡೆಯುತ್ತಿದ್ದರು, ನಾವು ನಿಂಬೆಹಣ್ಣಿನವರು. ತೋಟದ ಒಳ್ಳೆಯ ಹಣ್ಣು ಆರಿಸಿ, ಎರಡು ಹೋಳು ಮಾಡಿ, ಕುಂಕುಮ ಹಚ್ಚಿ, ಡಬ್ಬಿಯ ತಲೆಯ ಮೇಲೆ ಒತ್ತಿ ಕೂಡಿಸುತ್ತಿದ್ದ. ರಸ ಸೋರಿ ಒಳಗೆ ಇಳಿಯುತ್ತಿತ್ತು. ಅಪ್ಪನ ನಂತರ ನಾನೂ ಅದನ್ನೇ ಮಾಡಿದೆ. ಯಾಕೆ ಎಂದು ಯೋಚಿಸಿದವನಲ್ಲ.

ಸ್ಕ್ರೂ ಜಪ್ಪಯ್ಯ ಅನ್ನಲಿಲ್ಲ. ಸೀಮೆಎಣ್ಣೆ ಬಿಟ್ಟು ತಿರುವಿದ ಮೇಲೆ ಮುಚ್ಚಳ ಬಂತು. ಒಳಗೆ ತಾಮ್ರದ ತುದಿಗಳು ಹಸಿರು ಹಿಡಿದಿದ್ದವು. ಎರಡರ ನಡುವೆ ಕುಂಕುಮ, ವಿಭೂತಿ, ನಿಂಬೆರಸ ಎಲ್ಲಾ ಸೇರಿ ಗಟ್ಟಿಯಾದ ಕೆಸರು. ಆಷಾಢದ ಜಿಟಿಜಿಟಿ ಮಳೆಗೆ ಅದು ಹಸಿಯಾಗಿ ಎರಡು ತಂತಿಯನ್ನೂ ಒಂದು ಮಾಡಿತ್ತು. ಹಳೆಯ ಲೈನು ಗಟ್ಟಿ ಜೀವ, ಮಳೆಗಾಲದಲ್ಲಿ ಸ್ವಲ್ಪ ಗರಗರ ಅಂದರೂ ಕೆಲಸ ಮಾಡುತ್ತಿತ್ತು. ಹೊಸದು ನಾಜೂಕು. ಯಾರೋ ರಿಸೀವರು ಎತ್ತಿದ್ದಾರೆ ಎಂದೇ ತಿಳಿದುಕೊಂಡು ಫೋನು ಮಾಡಿದವರಿಗೆಲ್ಲ ಎಂಗೇಜ್ ಎನ್ನುತ್ತಿತ್ತು.

ಆ ಕೆಸರನ್ನು ಕೆರೆಯಲು ಕೈ ಬರಲಿಲ್ಲ. ಪೂಜೆಯ ದಿನ ಅಪ್ಪ ತೊಟ್ಟ ಹೊಸ ಧೋತರದ ಗಂಜಿಯ ವಾಸನೆ, ಒದ್ದೆ ಬೆರಳು, ಗಂಟೆಯ ಸದ್ದು, ಪ್ರಸಾದಕ್ಕೆ ನಾನೂ ಅಕ್ಕನೂ ಒಬ್ಬರನ್ನೊಬ್ಬರು ನೂಕುತ್ತಿದ್ದುದು, ಎಲ್ಲಾ ಆ ಡಬ್ಬಿಯೊಳಗೇ ಇದ್ದಂತೆ ಕಂಡಿತು.

"ಅಪ್ಪಾರು ಇದ್ರೂ ಇದನ್ನ ಕೆರದ ಹಾಕ್ತಿದ್ರು," ಎಂದಳು ಸುನಂದಾ. "ಫೋನ ಬಂದ್ ಆದ್ರ ಅವರಿಗೆ ಊಟ ಸೇರತಿತ್ತೇನು?"

ಕೆರೆದೆ. ತಾಮ್ರದ ತುದಿ ಕತ್ತರಿಸಿ, ಹೊಸದಾಗಿ ಹೆಣೆದು, ಟೇಪು ಸುತ್ತಿ, ಆ ಡಬ್ಬಿಯನ್ನೇ ಬಿಟ್ಟು ನೇರವಾಗಿ ಜೋಡಿಸಿದೆ. ಸುನಂದಾ ಅಡಿಗೆಮನೆಯ ಫೋನನ್ನೂ ಮತ್ತೆ ಜೋಡಿಸಿ, ತನ್ನ ಮೊಬೈಲಿನಿಂದ ಹಚ್ಚಿದಳು. ಪಡಸಾಲೆ, ಅಡಿಗೆಮನೆ ಎರಡೂ ಕಡೆ ಒಟ್ಟಿಗೆ ರಿಂಗಾಯಿತು.

ಆಮೇಲೆ ಆ ಫೋನಿನಿಂದಲೇ ಅಕ್ಕನಿಗೆ ಹಚ್ಚಿದೆ. ಅವಳಿಗೆ ಅಕ್ಷರ ಬಾರದು, ಅಂಕಿ ಬರುತ್ತವೆ. ತವರಿನ ನಂಬರು ನೋಡಿ ಕಟ್ ಮಾಡಲಿಲ್ಲ. ಎತ್ತಿದಳು.

"ಅಕ್ಕಾ, ನಾ ಬಸಂತರಾಯ. ಫೋನ ಬಾಜೂಕ ಇಟ್ಟಿರಲಿಲ್ಲ. ಕೆಟ್ಟಿತ್ತು. ಪೂಜಿ ಮಾಡಿದ ನಿಂಬಿಹಣ್ಣಿನ ರಸ ಡಬ್ಬ್ಯಾಗ ಇಳದ ವಾಯರ ತಿಂದ ಹಾಕೇತಿ. ರಿಸೀವರ ಜಾಗಾದಾಗ ಇದ್ರೂ ಎಂಗೇಜ ಬರತಿತ್ತು. ಬೇಕಾರ ಸುನಂದಾನ್ನ ಕೇಳು."

ಅಕ್ಕ ಸಣ್ಣ ದನಿಯಲ್ಲಿ ಕೇಳಿದಳು.

"ತಮ್ಮಾ, ಒಂದ ಮಾತ ಖರೆ ಹೇಳು. ಆ ವರ್ಷ ಅಪ್ಪ ಬಾಜೂಕ ಇಟ್ಟಿದ್ನೋ, ಇಲ್ಲಾ ಆಗೂ ಹಿಂಗ ಡಬ್ಬಿ ಕೆಟ್ಟಿತ್ತೋ?"

ನಾನು ಸುನಂದಾಳನ್ನು ನೋಡಿದೆ. ಆಗ ಅವಳು ಹೊಸ ಸೊಸೆ. ಅಪ್ಪನಿಗೆ ಚಹಾ ತಂದಾಗಲೆಲ್ಲ ಮಲಗಿದ್ದ ರಿಸೀವರಿನ ಪಕ್ಕದಲ್ಲೇ ಬಟ್ಟಲು ಇಟ್ಟವಳು. ಅವಳು ತಲೆ ತಗ್ಗಿಸಿ ಕೆರೆದ ಪುಡಿಯನ್ನು ಕಾಗದದಲ್ಲಿ ಕಟ್ಟತೊಡಗಿದಳು.

"ಆಗೂ ಡಬ್ಬೀನ ಕೆಟ್ಟಿತ್ತಕ್ಕಾ," ಎಂದೆ. "ಅಪ್ಪ ಕೈ ಹಚ್ಚಿರಲಿಲ್ಲ."

"ಹಂಗಾರ ಒಂದ ಮಾತ ನನಗ ಹೇಳಬಾರದಾ ಅವಾ? ಫೋನ ಕೆಟ್ಟಿತ್ತವ್ವಾ ಅಂತ?"

"ಅವಗ ಗೊತ್ತಿದ್ರ ತಾನ ಹೇಳೂದು? ನಿನ್ನ ಫೋನ ಬರ್ತೇತಂತ ಅಮಾಸಿಯಿಂದ ಪಂಚಮಿತನಾ ಅದರ ಬಾಜೂಕ ಕುಂತಿದ್ದ. ಜಾಗಾ ಬಿಟ್ಟ ಏಳಲಿಲ್ಲ."

ಒಂದು ಸುಳ್ಳಿಗೆ ಇನ್ನೊಂದು ಎಂದುಕೊಂಡು ಹೇಳಿದ ಮಾತು. ಹೇಳಿದ ಮೇಲೆ ನನಗೇ ಹೊಳೆಯಿತು. ಅಪ್ಪ ಏಳದೆ ಕೂತದ್ದಂತೂ ಖರೆ. ಸಿಟ್ಟಿಗೇ ಇಟ್ಟವನಾದರೆ ಇಟ್ಟು ತೋಟಕ್ಕೆ ಹೋಗಬಹುದಿತ್ತು. ಅಷ್ಟು ದಿನ ಅದರ ಪಕ್ಕ ಯಾಕೆ ಕೂತಿದ್ದ ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆ ಕಡೆ ಅಕ್ಕ ಅಳುತ್ತಿದ್ದಳು. ನಾನು ರಿಸೀವರನ್ನು ಕಿವಿಗೆ ಒತ್ತಿ ಹಿಡಿದುಕೊಂಡು ನಿಂತೆ. ಮೂಗು ಒರೆಸಿಕೊಂಡು ಅವಳು ಹೇಳಿದಳು.

"ನಾಳೆ ಲಗೂನ ಬಾ ಕರಿಯಾಕ. ಬಂದ ಕೂಡ್ಲೆ ಮೊದಲ ತೋಟದಾಗಿನ ಅಪ್ಪನ ಗದ್ದಗಿಗೆ ಹೋಗೂನು. ನಾ ಅವನ ಜೋಡಿ ಮಾತಾಡೂದ ಐತಿ."