ಒಂದೂವರೆ ತಾಸಿನ ದಾರಿ

ಸೂರತ್ತಿನ ಪವರ್‌ಲೂಮಿನಲ್ಲಿ ಕೈ ಸಿಕ್ಕಿ ಗಂಡ ಸೋಮಲಿಂಗ ದವಾಖಾನೆ ಸೇರಿದ್ದಾನೆಂಬ ಸುದ್ದಿ ಬಂದಾಗ ಶೈಲಶ್ರೀ ಇಳಕಲ್ಲಿನ ಮನೆಯಲ್ಲಿ ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದಳು. ರೈಲಿನಲ್ಲಾದರೆ ಎರಡು ದಿನದ ಹಾದಿ. ಪಕ್ಕದ ಮನೆಯ ತಬಸುಮ ಮೊಬೈಲು ನೋಡಿ ಹೇಳಿದಳು: “ಬೆಳಗಾವಿಯಿಂದ ವಿಮಾನ ಐತಿ ಅಕ್ಕಾ. ಆರನೂರು ಕಿಲೋಮೀಟರ, ಒಂದೂವರೆ ತಾಸು ಅಷ್ಟ. ನಾಳಿ ಮಧ್ಯಾಹ್ನ ಹಾರತೈತಿ.”

ಮರುದಿನ ನಸುಕಿನಲ್ಲೇ ಬಸ್ಸು ಹತ್ತಿದಳು. ಹುನಗುಂದ ದಾಟುವಷ್ಟರಲ್ಲಿ ಗಾಲಿ ಪಂಕ್ಚರಾಯಿತು. ಬಾಗಲಕೋಟೆಯಲ್ಲಿ ಹತ್ತಿದ ಇನ್ನೊಂದು ಬಸ್ಸಿನಲ್ಲಿ ಕಾಲಿಡಲೂ ಜಾಗವಿಲ್ಲ. ತುಳಸಿಗೇರಿ ಬಂದಾಗ ಹಿಡಿದ ಕಂಬಿ ಬಿಟ್ಟು ಗುಡಿಯ ಹನುಮಪ್ಪನಿಗೆ ಕೈ ಮುಗಿಯಲೂ ಆಗಲಿಲ್ಲ. ವಿಮಾನ ನಿಲ್ದಾಣ ಮುಟ್ಟುವಾಗ ಸೊಂಟ ಬಿದ್ದುಹೋಗಿತ್ತು. ಅಲ್ಲಿ ಸಾಲು, ತಪಾಸಣೆ, ಮತ್ತೆ ಕಾಯುವುದು. ಕೊನೆಗೆ ವಿಮಾನ ನೆಲ ಬಿಟ್ಟಾಗ ಹೆದರಿಕೊಳ್ಳುವಷ್ಟೂ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಒಂದು ಜೊಂಪು ಹತ್ತಿ ಬಿಡುವಷ್ಟರಲ್ಲಿ ಸೂರತ್ತು ಬಂದೇಬಿಟ್ಟಿತು.

ಇಳಿಯುತ್ತಿದ್ದಂತೆ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಇಷ್ಟೇನಾ ದೂರ? ಹೋದ ವರ್ಷ ಅತ್ತೆ ಯಮನವ್ವ ತೀರಿಕೊಂಡಾಗ ಇದ್ದೊಬ್ಬ ಮಗ ಮಣ್ಣಿಗೆ ಬಂದಿರಲಿಲ್ಲ. ಎಲ್ಲ ಮುಗಿದ ಮೇಲೆ ಬಂದು, “ಭಾಳ ದೂರ ಆತು” ಅಂದಿದ್ದ. ಓಣಿಯ ಮಂದಿಯ ಚುಚ್ಚುಮಾತನ್ನೆಲ್ಲ ಇವಳೇ ಕೇಳಿಸಿಕೊಂಡಿದ್ದಳು.

‘ಬೆರಳಿಗೆ ಜರಾ ಪೆಟ್ಟಾಗೇತಿ’ ಎಂದು ಫೋನಿನಲ್ಲಿ ಹೇಳಿ, ಈಗ ದವಾಖಾನೆಯ ಮಂಚದ ಮೇಲೆ ಮಲಗಿದ್ದ ಸೋಮಲಿಂಗನ ಬಲಗೈಯಲ್ಲಿ ಎರಡು ಬೆರಳು ಇರಲೇ ಇಲ್ಲ. ಅದನ್ನು ಕಂಡೂ ಅವಳ ಬಾಯಿಂದ ಬಂದದ್ದು ಬೇರೆ ಮಾತು.

“ಒಂದೂವರೆ ತಾಸಿನ ದಾರಿ ಐತ್ರಿ. ಹಡದವ್ವನ ಮಣ್ಣಿಗೆ ಬರಾಕ ನಿಮಗ ಅಷ್ಟೂ ಆಗಲಿಲ್ಲೇನು?”

ಸೋಮಲಿಂಗ ಗೋಡೆಯತ್ತ ಮುಖ ತಿರುಗಿಸಿದ. “ಹೋಗಿದ್ದೆ. ಸುದ್ದಿ ಬಂದ ಕೂಡ್ಲೆ ಚೀಲ ತಗೊಂಡು ಸೀದಾ ವಿಮಾನ ನಿಲ್ದಾಣಕ್ಕ ಹೋಗಿದ್ದೆ. ಬೆಳಗಾವಿ ವಿಮಾನ ದಿನಾ ಹಾರೂದಿಲ್ಲ, ವಾರದಾಗ ಕೆಲವು ದಿನ ಅಷ್ಟ. ಅವತ್ತ ಇರಲಿಲ್ಲ. ಬಾಗಲದಾಗ ನಿಂತ ಪೊಲೀಸಪ್ಪನ ಮುಂದ ಅತ್ತುಬಿಟ್ಟೆ. ಆಮ್ಯಾಲ ರೈಲು ಹಿಡದೆ.”

“ಮತ್ತ ಯಾಕ ಹೇಳಲಿಲ್ಲ?”

“ಹೊತ್ತಿಗೆ ಬರದವ ಏನು ಹೇಳಿದ್ರೂ ಮಂದಿ ನೆವಾ ಅಂತಾರ.”

ತಾನೂ ಹಾಗೇ ಅನ್ನುತ್ತಿದ್ದೆ ಎಂಬುದು ಶೈಲಶ್ರೀಗೆ ಗೊತ್ತಿತ್ತು. ಅಳಬೇಕೆನಿಸಿತು, ಅದಕ್ಕೂ ಶಕ್ತಿಯಿರಲಿಲ್ಲ. ಮಂಚದ ತುದಿಗೆ ಕೂತು, ಬುತ್ತಿ ಬಿಚ್ಚಿ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ತುತ್ತು ಅವನ ಬಾಯಿಗಿಟ್ಟಳು. ಅವನು ಕಣ್ಣು ಮುಚ್ಚಿಕೊಂಡು ತಿಂದ.

“ಇನ್ನ ಊರಿಗೆ ಹೋಗೂಣು ನಡೀರಿ,” ಅಂದಳು.

“ವಿಮಾನದಾಗ?”

“ಬ್ಯಾಡ್ರಿ. ರೈಲಿಗೆ ಹೋಗೂಣು. ಎರಡು ದಿನ ಹಿಡಿದ್ರ ಹಿಡೀಲಿ. ಇಬ್ಬರೂ ಮಲ್ಕೊಂಡು ಹೋಗೂಣು.”