ವಜ್ರದ ಮೊನೆ ಮತ್ತು ಲಕ್ಕಮ್ಮನ ಶುಕ್ರವಾರ

ಸೊಸೆ ಯಶಶ್ರೀಯನ್ನು ನಾನು ಹೊಗಳಿದರೆ ನನ್ನ ಹೆಂಡತಿ ಲಕ್ಕಮ್ಮ ಮುಖ ಊದಿಸಿಕೊಳ್ಳುತ್ತಾಳೆ. ಆದರೂ ಹೊಗಳುತ್ತೇನೆ. ಇದ್ದದ್ದನ್ನು ಇದ್ದಹಾಗೆ ಹೇಳುವುದಕ್ಕೆ ನನಗೇನು ಹೆದರಿಕೆ? ಲಕ್ಕಮ್ಮ ಈಗ ಒಳಗಿದ್ದಾಳೆ, ಅಷ್ಟೇ.

ಚಾಮರಾಜಪೇಟೆಯ ನಮ್ಮ ವರ್ಕ್‌ಶಾಪಿನಲ್ಲಿ ಡ್ರಿಲ್ ಬಿಟ್‌ಗಳಿಗೆ ಚಿನ್ನದ ಬಣ್ಣದ ಗಟ್ಟಿ ಲೇಪ ಕೊಡುತ್ತೇವೆ. ಕೂದಲೆಳೆಗಿಂತ ಎಷ್ಟೋ ತೆಳು. ಹೋದ ತಿಂಗಳು ನಮ್ಮ ದೊಡ್ಡ ಗಿರಾಕಿ ಅಮರ್ ಇಡೀ ಲಾಟನ್ನೇ ವಾಪಸು ಕಳಿಸಿದ. ಗಡಸುತನ ಅಳೆಯುವ ಅವನ ಮೆಷೀನಿನಲ್ಲಿ ಮೊನೆಯಿಂದ ಒತ್ತಿ ನೋಡಿದರೆ ಲೇಪ ಮೆದು ಎಂದು ಬಂತಂತೆ. "ಮೇಲೆ ಥಳಕು, ಒಳಗೆ ಹುಳುಕು ಬೈರಪ್ಪೋರೇ" ಎಂದ. ಅವನು ಕೈಬಿಟ್ಟರೆ ನಾವು ಶಟರ್ ಎಳೆಯಬೇಕಾದದ್ದೇ.

ಯಶಶ್ರೀ ಮಾತ್ರ ತಣ್ಣಗೆ ಹೇಳಿದಳು: "ಮಾವ, ಅವ್ರು ಜಾಸ್ತಿ ಭಾರ ಹಾಕಿ ಒತ್ತಿದಾರೆ. ಬಾದುಷಾ ಮೇಲಿನ ಸಕ್ಕರೆ ಉಗುರಲ್ಲಿ ಮುಟ್ಟಿದ್ರೆ ಗಟ್ಟಿ. ಹೆಬ್ಬೆರಳಲ್ಲಿ ಅದುಮಿದ್ರೆ ಒಳಗಿನ ಮೆದು ತಾನೇ ಸಿಗೋದು? ಅವ್ರು ಅಳೆದಿರೋದು ಕೆಳಗಿನ ಸ್ಟೀಲನ್ನ."

ಲೇಪದ ದಪ್ಪ, ಸ್ಟೀಲಿನ ಗಡಸುತನ ಎರಡನ್ನೂ ಹಿಡಿದು, ಯಾವ ಭಾರಕ್ಕೆ ಎಷ್ಟು ಅಂಕಿ ಬರಬೇಕೆಂದು ಕಂಪ್ಯೂಟರಿನಲ್ಲಿ ಒಂದು ಗೆರೆ ಎಳೆದಳು. ಆಮೇಲೆ ಅಮರ್‌ಗೇ ಫೋನ್ ಮಾಡಿದಳು. "ಬನ್ನಿ ಸರ್. ನಾನು ಅಂಕಿ ಮೊದಲೇ ಹೇಳ್ತೀನಿ, ನೀವೇ ಒತ್ತಿ ನೋಡಿ. ತಪ್ಪಾದ್ರೆ ಲಾಟ್ ನಮ್ಮತ್ರಾನೇ ಇರ್ಲಿ."

ಅವನು ಬಂದದ್ದು ಶುಕ್ರವಾರ. ನಾವು ಹೊಸದಾಗಿ ತರಿಸಿದ್ದ, ವಜ್ರದ ಮೊನೆಯ ಮೆಷೀನಿನ ಮುಂದೆ ಕೂತು ಹಗುರವಾಗಿ ಒತ್ತಿದ. ಯಶಶ್ರೀ ಹೇಳಿದ್ದರ ಅರ್ಧವೂ ಬರಲಿಲ್ಲ. ಇನ್ನೊಂದು ಬಿಟ್ ಇಟ್ಟ. ಅದೂ ಹಾಗೆಯೇ. ಭಾರ ಏರಿಸಿದಾಗ ಮಾತ್ರ ಅಂಕಿ ಅವಳ ಗೆರೆಯ ಹತ್ತಿರ ಬಂತು. ನಾನಾಗಿದ್ದರೆ ಮೆಷೀನನ್ನೂ ಅವನನ್ನೂ ಸೇರಿಸಿ ಬೈದುಬಿಡುತ್ತಿದ್ದೆ.

ಅವಳು ಲೇಪವಿಲ್ಲದ ಬರೀ ಸ್ಟೀಲ್ ತುಂಡೊಂದನ್ನು ಇಟ್ಟು ಒತ್ತಿದಳು. ಅದೂ ಮೇಲುಮೇಲೆ ಮೆದು, ಒಳಗೆ ಸರಿ.

"ಇದಕ್ಕೆ ಲೇಪಾನೇ ಇಲ್ಲ ಸರ್. ಆದ್ರೂ ಮೇಲೊಂದು ಮೆದು ಪದರ ಇದೆ ಅಂತ ತೋರಿಸ್ತಿದೆ. ಅಂದ್ರೆ ಆ ಪದರ ಬಿಟ್ ಮೇಲಿಲ್ಲ, ಮೊನೆ ಮೇಲಿದೆ."

ಹತ್ತಿಗೆ ಸ್ಪಿರಿಟ್ ಹಾಕಿ ಮೊನೆಯನ್ನು ಒರೆಸಿದಳು. ಹತ್ತಿ ಕೆಂಪಗಾಯಿತು.

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಲಕ್ಕಮ್ಮನ ಮುಖ ಬಿಳಿಚಿಕೊಂಡಿತು. ಶುಕ್ರವಾರ ಬಂತೆಂದರೆ ಅವಳು ನಮ್ಮ ಎಲ್ಲ ಮೆಷೀನುಗಳಿಗೂ ಅರಿಶಿನ ಕುಂಕುಮ ಇಡುವವಳು. ಇದರಲ್ಲಿ ವಜ್ರವಿದೆ ಎಂದು ಕೇಳಿದ್ದಳು. ಇಡುವುದಾದರೆ ವಜ್ರಕ್ಕೇ ಇಡೋಣವೆಂದು ಇಟ್ಟಿದ್ದಾಳೆ, ಪುಣ್ಯಾತ್ಗಿತ್ತಿ.

"ಏನದು ಮೇಡಂ?" ಎಂದ ಅಮರ್.

"ಒತ್ತೋಕೆ ಮುಂಚೆ ನಾನು ಮೊನೆ ನೋಡ್ಕೋಬೇಕಿತ್ತು ಸರ್. ನಂದೇ ತಪ್ಪು" ಎಂದು ಯಶಶ್ರೀ ಹತ್ತಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಅವನು ಮತ್ತೆ ಒತ್ತಿದ. ಹಗುರಕ್ಕೂ ಸರಿ, ಭಾರಕ್ಕೂ ಸರಿ, ಅಂಕಿಗಳು ಅವಳ ಗೆರೆ ಬಿಟ್ಟು ಆಚೀಚೆ ಹೋಗಲಿಲ್ಲ. ಅವನ ಮೆಷೀನಿನಲ್ಲಿ ಬಂದಿದ್ದ ಅಂಕಿಯೂ ಅದೇ ಗೆರೆಯ ಕೊನೆಯಲ್ಲಿ ಕೂತಿತ್ತು. ಅಮರ್ ಕುರ್ಚಿಯಿಂದ ಎದ್ದು, "ನಮ್ಮವ್ರಿಗೂ ಒಂದ್ಸಲ ಹೇಳ್ಕೊಡಿ ಮೇಡಂ" ಎಂದ. ಲಾಟನ್ನು ತನ್ನ ಕಾರಿನಲ್ಲೇ ಹಾಕಿಸಿಕೊಂಡು ಹೋದ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆರಿದ ಕಾಫಿಯನ್ನೂ ಬೈಯದೆ ಕುಡಿದೆ.

"ಇಟ್ಟೋಳು ನಾನು ಅಂತ ಅವನಿಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು ಲಕ್ಕಮ್ಮ.

"ನಮಗೆ ಒಳ್ಳೇದಾಗ್ಲಿ ಅಂತ ತಾನೇ ಇಟ್ಟಿದ್ದು ಅತ್ತೆ?" ಎಂದಳು ಸೊಸೆ.

ಲಕ್ಕಮ್ಮ ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಯಾರನ್ನೂ ಕೇಳಿ ಏನನ್ನೂ ಮಾಡಿದವಳಲ್ಲ. ನನ್ನನ್ನಂತೂ ಇಲ್ಲವೇ ಇಲ್ಲ. ಮುಂದಿನ ಶುಕ್ರವಾರ ಬೇರೆಲ್ಲ ಮೆಷೀನುಗಳಿಗೂ ಕುಂಕುಮ ಇಟ್ಟು ಮುಗಿಸಿ, ತಟ್ಟೆ ಹಿಡಿದು ಈ ಮೆಷೀನಿನ ಮುಂದೆ ಸುಮ್ಮನೆ ನಿಂತಳು. ಸೊಸೆ ಬರುವವರೆಗೂ ನಿಂತೇ ಇದ್ದಳು.

"ಯಶೂ, ಇದಕ್ಕೆ ಎಲ್ಲಿ ಇಡ್ಲಮ್ಮ?"