ಎಂಬತ್ತೆಂಟನೇ ನಂಬರಿನ ಬಿಲ್ಲೆ

ನಮ್ಮ ಗಣಿಯ ಹಲಗೆಯ ಮೇಲೆ ಕೆಂಪಕ್ಷರದಲ್ಲಿ ಒಂದೇ ಸಾಲು ಬರೆದಿದ್ದರು: ನಿನ್ನ ಬಿಲ್ಲೆಯನ್ನು ನೀನೇ ಮುಟ್ಟು. ಇಳಿಯುವಾಗ ನಿಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ‘ಕೆಳಗೆ’ ಎಂಬ ಕಡೆಯ ಮೊಳೆಗೆ ಹಾಕಬೇಕು, ಹತ್ತಿ ಬಂದಮೇಲೆ ‘ಮೇಲೆ’ ಎಂಬ ಕಡೆಗೆ. ಬೆಂಕಿ ಬಿದ್ದರೆ ಒಳಗೆ ಯಾರು ಉಳಿದಿದ್ದಾರೆಂದು ಹೇಳುವುದು ಆ ಹಲಗೆಯೊಂದೇ. ಚಿಕ್ಕ ಮಕ್ಕಳಿಗೂ ಅರ್ಥವಾಗುವ ಮಾತು. ನಲವತ್ತೆರಡು ವರ್ಷದ ಈ ಕತ್ತೆಗೆ ಅರ್ಥವಾಗಲಿಲ್ಲ.

ಶುಕ್ರವಾರ ಪಾಳಿ ಮುಗಿದರೆ ಹಲಗೆಯ ಮುಂದೆ ನೂಕುನುಗ್ಗಲು. ಸ್ನಾನದ ಬಿಸಿನೀರು ಮೊದಲು ಹೋದವರಿಗಷ್ಟೇ. ಅದಕ್ಕೇ ಜೋಡಿಯಲ್ಲಿ ಮೊದಲು ಹತ್ತಿದವನು ಇಬ್ಬರ ಬಿಲ್ಲೆಯನ್ನೂ ಸರಿಸಿಬಿಡುತ್ತಿದ್ದ, ಹಿಂದಿನವನು ಸೀದಾ ನೀರಿಗೆ ಓಡುತ್ತಿದ್ದ. ಎಲ್ಲರೂ ಹಾಗೇ ಮಾಡುತ್ತಿದ್ದರು. ನಾನು ಮತ್ತು ನನ್ನ ಜೋಡಿ ತೌನೊ ಸಲ್ಮೆಲಾ ಹನ್ನೊಂದು ವರ್ಷ ಮಾಡಿದೆವು.

ಆ ನವೆಂಬರಿನ ಶುಕ್ರವಾರ ಮೇಲಕ್ಕೆ ಬರಲು ಕೇಜು, ಅಂದರೆ ಗಣಿಯ ಲಿಫ್ಟು, ಹತ್ತುವಾಗ ತೌನೊ ಗಕ್ಕನೆ ನಿಂತ.

“ಥರ್ಮಾಸ್ ಮರ್ತೆ ಕಣೋ ರೊಸೇರ್.”

“ಬಿಡೋ, ಸೋಮವಾರ ತಗೊಂಡ್ರಾಯ್ತು.”

“ಮನೇಲಿ ಇರ್ಯಾ ಸುಮ್ನೆ ಬಿಡ್ತಾಳಾ? ಹೋದ ತಿಂಗ್ಳಷ್ಟೇ ಒಂದು ಒಡೆದುಹಾಕಿದ್ದೀನಿ. ನೀನು ಹತ್ತು, ಮುಂದಿನ ಕೇಜಲ್ಲಿ ಬರ್ತೀನಿ.”

“ನಿನ್ನ ಪಾಲಿನ ಬಿಸಿನೀರೂ ನಾನೇ ಸುರ್ಕೊಂಡ್ಬಿಡ್ತೀನಿ ನೋಡು.”

“ಸುರ್ಕೊ ಸುರ್ಕೊ. ಹನ್ನೊಂದು ವರ್ಷದಿಂದ ನಾರ್ತಿದ್ದೀಯ.”

ಕೇಜಿನ ಬಾಗಿಲು ಮುಚ್ಚಿ ನಾನು ಮೇಲೇರುವ ತನಕ ಅವನು ಅಲ್ಲೇ ನಿಂತು ನೋಡುತ್ತಿದ್ದ. ಮೇಲೆ ಬಂದು ನನ್ನ ಎಂಬತ್ತೇಳು, ಅವನ ಎಂಬತ್ತೆಂಟು, ಎರಡನ್ನೂ ಸರಿಸಿ ಸ್ನಾನಕ್ಕೆ ಹೋದೆ.

ತಲೆಗೆ ಸೋಪು ಹಚ್ಚಿಕೊಂಡಿದ್ದೆ, ಸೈರನ್ ಕೂಗಿತು. ನಾವು ಕೆಲಸ ಮಾಡುತ್ತಿದ್ದ ಮಟ್ಟದಲ್ಲೇ ಒಂದು ಡೀಸೆಲ್ ಗಾಡಿಗೆ ಬೆಂಕಿ, ಗಾಳಿಯ ಕೊಳವೆಗೆ ನಾರುವ ಗ್ಯಾಸು ಬಿಟ್ಟಿದ್ದಾರೆ ಎಂದು ಯಾರೋ ಅರಚಿದರು. ಒಳಗಿದ್ದವರಿಗೆ ಆ ಕೊಳೆತ ವಾಸನೆಯೇ ಎಚ್ಚರಿಕೆ. ಮೂಗಿಗೆ ಬಿದ್ದ ತಕ್ಷಣ ಆಸರೆ ಕೋಣೆ ಸೇರಿ, ಬಾಗಿಲ ಸಂದಿಗೆ ಜೇಡಿಮಣ್ಣು ಮೆತ್ತಿ, ಮೇಲಕ್ಕೆ ಫೋನು ಮಾಡಿ, ರಕ್ಷಣಾ ತಂಡ ಬರುವವರೆಗೆ ಕೂತಿರಬೇಕು.

ನಾನು ತಲೆಯೆತ್ತಿ ಸೂರು ನೋಡಿದೆ. ನಾವು ಮನೆಯ ಬಟ್ಟೆಯನ್ನು ಬುಟ್ಟಿಗೆ ಹಾಕಿ ಸರಪಳಿಯಿಂದ ಸೂರಿಗೆ ಎಳೆದಿಟ್ಟು, ಸ್ನಾನಕ್ಕೆ ಬಂದಾಗ ಇಳಿಸಿಕೊಳ್ಳುತ್ತೇವೆ. ತೌನೊನ ಬುಟ್ಟಿ ಇನ್ನೂ ಮೇಲೇ ಇತ್ತು. ಅವನ ಕೆಂಪು ಚೌಕಳಿಯ ಕೋಟು ಅದರಿಂದ ಇಳಿಬಿದ್ದಿತ್ತು.

ಅಯ್ಯೋ ದೇವರೇ! ಟವೆಲಿನಲ್ಲೇ ಓಡಿದೆ.

ಶಿಫ್ಟ್ ಬಾಸ್ ಮಕ್ರೇ ಹಲಗೆಯ ಮುಂದೆ ಫೋನು ಹಿಡಿದು ಮಾತಾಡುತ್ತಿದ್ದ. “ಕೆಳಗಿರೋ ಹದಿನಾಲ್ಕೂ ಜನ ಬೇರೆ ಮಟ್ಟದಿಂದ ಫೋನ್ ಮಾಡಿದ್ದಾರೆ. ಬೆಂಕಿ ಕಡೆ ಯಾರೂ ಇಲ್ಲ. ಗಾಳಿ ಬಾಗಿಲು ಮುಚ್ಚಿಸಿ, ತಾನಾಗೇ ಆರ್ಲಿ. ತಂಡ ಇಳಿಯೋದು ಬೇಡ.” ಆಮ್ಲಜನಕದ ಸಿಲಿಂಡರು ಹೊತ್ತ ತಂಡದ ಐದು ಜನ ಆಗಲೇ ಮುಖವಾಡ ತೆಗೆಯುತ್ತಿದ್ದರು.

“ತೌನೊ ಕೆಳಗಿದ್ದಾನೆ,” ಎಂದೆ.

“ಬಿಲ್ಲೆ ಮೇಲಿದೆಯಲ್ಲೋ!”

ಸುಳ್ಳು ಹೇಳುವುದಿಲ್ಲ, ಆ ಕ್ಷಣ ಕೆಲಸ ಹೋಗುತ್ತದೆ ಎಂಬ ಯೋಚನೆ ಬಂತು. ಥೂ, ನನ್ನ ಜನ್ಮಕ್ಕಿಷ್ಟು.

“ನಾನೇ ಸರಿಸಿದ್ದು ಬಾಸು. ಅವನು ಬಂದಿಲ್ಲ.”

ಮಕ್ರೇ ಬೈಯಲಿಲ್ಲ. ಬಾಗಿಲು ಮುಚ್ಚಬೇಡಿ ಎಂದು ಫೋನಿನಲ್ಲಿ ಕೂಗಿ, ತಂಡಕ್ಕೆ ಕೈ ಮಾಡಿದ. ಆಮೇಲೆ ನನ್ನತ್ತ ತಿರುಗಿದ. “ನಿನ್ನ ಕೈಯಾರೆ ವಾಪಸ್ ಹಾಕು.” ಎಂಬತ್ತೆಂಟನ್ನು ‘ಕೆಳಗೆ’ ಹಾಕಿದೆ. ಸೋಪಿನ ನೀರು ಕಣ್ಣಿಗಿಳಿಯುತ್ತಿತ್ತು.

ಮೂರು ಗಂಟೆ ಕಳೆಯಿತು. ತೌನೊನಿಂದ ಫೋನಿಲ್ಲ. ತಂತಿ ಸುಟ್ಟಿರಬಹುದು ಎಂದರು. ಅವನೇ ಸುಟ್ಟಿರಬಹುದು ಎಂದು ಯಾರೂ ಹೇಳಲಿಲ್ಲ. ಅವನ ಹೆಂಡತಿ ಇರ್ಯಾ ಬಂದಾಗ ನಾನೇ ಎಲ್ಲ ಹೇಳಿದೆ, ಬಿಲ್ಲೆಯದನ್ನೂ ಹೇಳಿದೆ.

“ಥರ್ಮಾಸಿಗಾ?” ಎಂದಳು.

ಕೊನೆಗೆ ತಂಡದ ನಾಯಕ ಕೆಳಗೆ ಕೇಜಿನ ಬಳಿಯಿಂದ ಫೋನು ಮಾಡಿದ. ಮಕ್ರೇ ಕೇಳಿಸಿಕೊಂಡು ಇರ್ಯಾಳ ಕಡೆ ನೋಡಿದ. “ಬದುಕಿದ್ದಾನಮ್ಮಾ. ಹೊಗೆ ಕುಡಿದಿದ್ದಾನೆ, ಆದ್ರೂ ಕೋಣೆ ಸೇರಿ ಮಣ್ಣು ಮೆತ್ಕೊಂಡಿದ್ದಾನೆ.” ಆಮೇಲೆ ನನ್ನ ಕಡೆ ತಿರುಗಿದ. “ಕೋಣೆ ಒಳಗಿನ ಬರೆಯೋ ಹಲಗೆ ಮೇಲೆ ಏನು ಬರ್ದಿದ್ದಾನೆ ಗೊತ್ತಾ? ‘ಸಲ್ಮೆಲಾ, ಒಬ್ಬನೇ. ರೊಸೇರ್ ಮೇಲೆ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಅವನನ್ನು ಹುಡುಕಬೇಡಿ.’”

ನಾನು ಅಲ್ಲೇ ಕೂತು ಅತ್ತೆ.

ಸ್ಟ್ರೆಚರಿನಲ್ಲಿ ಬಂದ ತೌನೊನ ಮುಖ ಮಸಿಯಾಗಿತ್ತು. ಡಾಕ್ಟರು ಅವಸರ ಮಾಡಿದರೂ ಅವನು ಹಲಗೆ ಕಂಡೊಡನೆ ಕೈಯೆತ್ತಿ ನಿಲ್ಲಿಸಿದ. ಹೊತ್ತವರು ಸ್ಟ್ರೆಚರನ್ನು ಮೇಲೆತ್ತಿ ಹಿಡಿದರು. ಕೆಮ್ಮುತ್ತ ಎಂಬತ್ತೆಂಟನ್ನು ತೆಗೆದುಕೊಂಡ. ಮೊಳೆ ತಪ್ಪಿತು. ಮತ್ತೆ ತಪ್ಪಿತು. ಅಷ್ಟು ಜನ ನಿಂತಿದ್ದೆವು, ಯಾರೂ ಕೈ ಚಾಚಲಿಲ್ಲ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು, ಅವನು ಮೂರನೇ ಸಲ ತನ್ನ ಬಿಲ್ಲೆಯನ್ನು ತಾನೇ ‘ಮೇಲೆ’ ಹಾಕುವವರೆಗೂ ಕಾದೆ.